30 ಇಂಚಿನ ಬೇಸ್‌ಗೆ ತಂತಿ ಹುಡುಕಿದ ಎರಡು ತಿಂಗಳು

ಜೂನ್ 29, 2025

ಬೇಸ್ ಗಿಟಾರ್ ಮನೆಗೆ ಬಂತು. ಸೆಕೆಂಡ್ ಹ್ಯಾಂಡ್, ₹14,000. ಮಸ್ಟಾಂಗ್ ಮಾದರಿಯದು. 30 ಇಂಚಿನ ಸ್ಕೇಲ್ (ತಂತಿ ಕಂಪಿಸೋ ಉದ್ದ, ತಲೆಭಾಗದ ಹತ್ತಿರದ ನಟ್ ಅನ್ನೋ ಪಟ್ಟಿಯಿಂದ ಬಾಡಿ ಮೇಲಿನ ಬ್ರಿಡ್ಜ್‌ವರೆಗೆ), 19 ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ತಂತಿಗಳು ಬಾಡಿಯ ಹಿಂಭಾಗದಿಂದ ತೂರಿ ಮುಂದಕ್ಕೆ ಬರುತ್ತವೆ. ಈ ಕೊನೆಯ ವಿಷಯಕ್ಕೆ ಆವತ್ತು ನಾನು ಗಮನವೇ ಕೊಡಲಿಲ್ಲ. ಮುಂದಿನ ಎರಡು ತಿಂಗಳ ತಲೆನೋವೆಲ್ಲ ಅದರಲ್ಲೇ ಇತ್ತು.

ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಅಷ್ಟೂ ವರ್ಷ 34 ಇಂಚಿನದೇ. ಕಳೆದ ವರ್ಷದಿಂದ ಎಡಗೈ ಮಣಿಕಟ್ಟು ನೋವು ಶುರುವಾಗಿದೆ. ಮೊದಲ ಮೂರು ಫ್ರೆಟ್‌ನಲ್ಲಿ ಬೆರಳು ಅಗಲಿಸಿ ಅರ್ಧ ಗಂಟೆ ನುಡಿಸಿದರೆ ಆಮೇಲೆ ಗಾಡಿಯ ಕ್ಲಚ್ ಹಿಡಿಯೋದೂ ಕಷ್ಟ. ಮಗಳಿಗೆ ಹನ್ನೆರಡು ವರ್ಷ, ಅವಳೂ ಕಲಿಯಬೇಕು ಅಂತಿದ್ದಾಳೆ. ಇಬ್ಬರಿಗೂ ಆಗಲಿ ಅಂತ ಚಿಕ್ಕ ಸ್ಕೇಲ್ ತಂದೆ. ಆಗಸ್ಟ್ 27ಕ್ಕೆ ಗಣೇಶನ ಹಬ್ಬ. ಆ ವಾರದಲ್ಲೇ ಮೂರು ಕಾರ್ಯಕ್ರಮ ಒಪ್ಪಿಕೊಂಡಿದ್ದೆವು. ಅಷ್ಟರೊಳಗೆ ಇದು ಸ್ಟೇಜ್ ಮೇಲೆ ನಿಲ್ಲಬೇಕು.

ಬಂದಾಗ ಇದ್ದ ಸ್ಥಿತಿ: ತಂತಿಗಳು ಕಪ್ಪಾಗಿದ್ದವು, ನಾಲ್ಕು ತಂತಿಗಳಲ್ಲಿ (ಇ, ಎ, ಡಿ, ಜಿ) ಎಲ್ಲಕ್ಕಿಂತ ದಪ್ಪನೆಯ ಇ ತಂತಿಯಲ್ಲಿ ಸ್ವರವೇ ಇಲ್ಲ. 12ನೇ ಫ್ರೆಟ್ ಮೇಲೆ ಇ ತಂತಿಯ ಎತ್ತರ 3.2 ಮಿ.ಮೀ., ಜಿ ತಂತಿಯದು 2.6. ಮಗಳು ಎರಡು ನಿಮಿಷ ನುಡಿಸಿ, "ಅಪ್ಪ, ಇದು ಪ್ಲಾಸ್ಟಿಕ್ ಬಕೆಟ್ ಬಡಿದ ಹಾಗಿದೆ" ಅಂದಳು. ಸರಿಯಾಗೇ ಹೇಳಿದ್ದಳು.

ಒಂದು ಮಾತು. ತಂತಿ ಸುತ್ತೋ ಕೀಲಿಗೆ ಗಿಟಾರಿನವರು ಟ್ಯೂನರ್ ಅಂತಾರೆ, ವೀಣೆಯವರು ಬಿರಡೆ ಅಂತಾರೆ. ನಮ್ಮ ಮನೆಯಲ್ಲಿ ಅಮ್ಮನ ವೀಣೆ ಇದ್ದಿದ್ದರಿಂದ ನನಗೆ ಬಿರಡೆ ಅನ್ನೋದೇ ಬಾಯಿಗೆ ಬರುತ್ತೆ. ಇಲ್ಲೂ ಹಾಗೇ ಬರೆಯುತ್ತೇನೆ.

ಜುಲೈ 2: ತಂತಿ ಕುದಿಸಿದ್ದು

ಹಳೇ ಉಪಾಯ. ತಂತಿ ಬಿಚ್ಚಿ, ಸುರುಳಿ ಮಾಡಿ, ನೀರಲ್ಲಿ ಹತ್ತು ನಿಮಿಷ ಕುದಿಸಿದೆ. ನೀರು ಚಹಾದ ಬಣ್ಣಕ್ಕೆ ಬಂತು. ಒರೆಸಿ, ಒಣಗಿಸಿ, ಮತ್ತೆ ಹಾಕಿದೆ. ಎ, ಡಿ, ಜಿ ಮೂರಕ್ಕೂ ಜೀವ ಬಂತು. ಇ ಮಾತ್ರ ಹಾಗೇ ಇತ್ತು. ಮೂರು ದಿನ ಕಳೆದ ಮೇಲೆ ಉಳಿದ ಮೂರೂ ಮೊದಲಿನಂತಾದವು.

ಸುತ್ತಿನ ಸಂದಿಯಲ್ಲಿರೋ ಕೊಳೆ ಹೋದರೆ ಸ್ವಲ್ಪ ದಿನ ಹೊಳಪು ಬರುತ್ತೆ, ಅಷ್ಟೇ. ತುಕ್ಕು ಹಿಡಿದ ತಂತಿಗೆ ಇದರಿಂದ ಪ್ರಯೋಜನ ಇಲ್ಲ. ಖರ್ಚು ಏನೂ ಆಗಲಿಲ್ಲ, ಒಂದು ಸಂಜೆ ಹೋಯಿತು.

ಜುಲೈ 6: ಮೊದಲ ಸೆಟ್, ಮೊದಲ ತಪ್ಪು

ಇಲ್ಲಿ ಮೈಸೂರಿನ ಅಂಗಡಿಗಳಲ್ಲಿ ಕೇಳಿದರೆ ಇದ್ದದ್ದು 34 ಇಂಚಿನ ಸೆಟ್‌ಗಳು ಮಾತ್ರ. "ಉದ್ದ ಜಾಸ್ತಿ ಇದ್ರೆ ಕಟ್ ಮಾಡ್ಕೊಳಿ ಸಾರ್, ಏನೂ ಆಗಲ್ಲ" ಅಂದರು. ನನಗೂ ಹಾಗೇ ಅನಿಸಿತು. ರೌಂಡ್‌ವೂಂಡ್ (ದುಂಡನೆಯ ತಂತಿ ಸುತ್ತಿದ್ದು), ದಪ್ಪ 45-65-80-100 (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ₹1,900.

ಬೇಸ್ ತಂತಿ ತುದಿಯಿಂದ ತುದಿಗೆ ಒಂದೇ ದಪ್ಪ ಇರಲ್ಲ. ಬಾಲ್ (ತುದಿಯ ಲೋಹದ ಗುಂಡು) ಇರೋ ಕಡೆಯಿಂದ ಒಂದಷ್ಟು ಉದ್ದದವರೆಗೆ ಪೂರ್ತಿ ಸುತ್ತು, ಆಮೇಲೆ ಅದು ಸಣ್ಣದಾಗಿ, ಬಿರಡೆ ಕಡೆ ತೆಳುವಾಗುತ್ತೆ. ಬಿರಡೆಗೆ ಸುತ್ತಬೇಕಾದದ್ದು ಆ ತೆಳು ಭಾಗ. ನಾನು ಹಾಕಿದ ಉದ್ದದ ಸೆಟ್‌ನಲ್ಲಿ ದಪ್ಪ ಸುತ್ತೇ ಬಿರಡೆಯವರೆಗೆ ಬಂದು, ಅದನ್ನೂ ದಾಟಿ ಮುಂದಕ್ಕೆ ಹೋಗುತ್ತಿತ್ತು. 100ರ ದಪ್ಪದ ತಂತಿಯನ್ನು ಬಿರಡೆಯ ಸೀಳಿನೊಳಗೆ ಬಗ್ಗಿಸಿ ಕೂರಿಸೋದು ಅಂದರೆ ಕಬ್ಬಿಣದ ಸರಳು ಬಗ್ಗಿಸಿದ ಹಾಗೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇ ತಂತಿಯನ್ನು ಬಿರಡೆ ಹತ್ತಿರ ಹಿಡಿದು, ಬಗ್ಗಿಸದೆ, ನೇರವಾಗಿ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿಬಿಟ್ಟೆ. ಅದೂ ಬಿರಡೆಯಿಂದ ಬರೀ 40 ಮಿ.ಮೀ. ಆಚೆಗೆ. ಕತ್ತರಿ ಬಿದ್ದದ್ದು ದಪ್ಪ ಸುತ್ತಿನ ಮೇಲೆ. ಕತ್ತರಿಸಿದ ಕ್ಷಣ ಕೈಯಲ್ಲಿ ಒಂದು ಸಣ್ಣ ನಡುಕ ಬಂತು, ಹೊರಸುತ್ತು ಒಳತಂತಿಯ ಮೇಲೆ ಜಾರಿದ ಹಾಗೆ. ತುದಿ ನೋಡಿದರೆ ಸುತ್ತು ಅರ್ಧ ಮಿಲಿಮೀಟರ್ ಬಿಚ್ಚಿಕೊಂಡಿತ್ತು. ಶ್ರುತಿ ಮಾಡಿ ಮೀಟಿದೆ. ಧಬ್. ಅಷ್ಟೇ. ಹೊಸ ತಂತಿ, ಹಳೇ ತಂತಿಗಿಂತ ಸತ್ತುಹೋಗಿತ್ತು.

ಕೆಲವು ತಂತಿಗಳ ಒಳತಂತಿ ಷಟ್ಕೋನ, ಕೆಲವದ್ದು ದುಂಡಗೆ. ಷಟ್ಕೋನದ ಅಂಚು ಸುತ್ತನ್ನು ಕಚ್ಚಿ ಹಿಡಿಯುತ್ತೆ. ದುಂಡಗಿನದರಲ್ಲಿ ಆ ಹಿಡಿತ ಇಲ್ಲ. ನನ್ನದು ದುಂಡಗಿನದು. ಪ್ಯಾಕೆಟ್ ಮೇಲೆ ಬರೆದೂ ಇತ್ತು, ನಾನು ಓದಿರಲಿಲ್ಲ. ಯಾವ ತಂತಿಯೇ ಆಗಲಿ ಇದು ಪಾಲಿಸಿ: ಮೊದಲು ಬಿರಡೆಗೆ ಬೇಕಾದಷ್ಟು ಉದ್ದ ಬಿಡಿ. ನಾನು ಈಗ 100ರಿಂದ 110 ಮಿ.ಮೀ. ಬಿಡುತ್ತೇನೆ, ಎರಡು ಸುತ್ತು ಬರುತ್ತೆ. ಅಲ್ಲಿ ಇಕ್ಕಳದಿಂದ ಲಂಬವಾಗಿ ಮಡಚಿ. ಮಡಿಕೆ ಗಟ್ಟಿಯಾಗಿ ಕೂತ ಮೇಲೆ, ಮಡಿಕೆಯ ಆಚೆ ಕತ್ತರಿಸಿ. ಮಡಿಕೆ ಸುತ್ತನ್ನು ಹಿಡಿದು ನಿಲ್ಲಿಸುತ್ತೆ.

₹1,900 ಹೋಯಿತು.

ಜುಲೈ 13: ಎರಡನೇ ಸೆಟ್

ಈ ಸಲ "ಶಾರ್ಟ್ ಸ್ಕೇಲ್" ಅಂತ ದೊಡ್ಡದಾಗಿ ಬರೆದಿರೋ ಸೆಟ್ಟನ್ನೇ ಆನ್‌ಲೈನ್‌ನಲ್ಲಿ ತರಿಸಿದೆ. ರೌಂಡ್‌ವೂಂಡ್, 45-100, ₹2,300. ಬೇಸ್ 30 ಇಂಚು, ಪ್ಯಾಕೆಟ್ ಮೇಲೂ 30 ಇಂಚು. ಇನ್ನೇನು ಬೇಕು ಅಂದುಕೊಂಡೆ.

ಹಿಂಭಾಗದಿಂದ ಇ ತಂತಿ ತೂರಿಸಿ, ಎಳೆದು, ನಟ್ ಮೇಲೆ ಕೂರಿಸಿದೆ. ನಟ್‌ನಲ್ಲಿ ತಂತಿ ಕೂರೋ ಕಚ್ಚಿನಲ್ಲಿ ಕೂತಿದ್ದು ತೆಳು ಭಾಗ! ದಪ್ಪ ಸುತ್ತು ನಟ್‌ಗಿಂತ ಮೊದಲೇ, ಒಂದನೇ ಫ್ರೆಟ್ ಕಡೆಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಹಿಂದೆ ಮುಗಿದುಹೋಗಿತ್ತು. ಹತ್ತಿರದಿಂದ ನೋಡಿದರೆ ತಂತಿ ಅಲ್ಲಿ ಮೆಟ್ಟಿಲಿನ ಹಾಗೆ ಇಳಿಯುತ್ತಿತ್ತು. ಕಚ್ಚಿನಲ್ಲಿ ಅಕ್ಕಪಕ್ಕ ಜಾಗ ಉಳಿದು ತಂತಿ ಆ ಕಡೆ ಈ ಕಡೆ ಅಲುಗಾಡುತ್ತಿತ್ತು. ಫ್ರೆಟ್ ಒತ್ತದೆ ಬಿಟ್ಟ ತಂತಿ ಮೀಟಿದರೆ ಝರ್ ಅಂತ ಸದ್ದು. ಒಂದನೇ ಫ್ರೆಟ್ ಒತ್ತಿದರೆ ಎಫ್ ಸ್ವರ ಸರಿ ಬರಲ್ಲ.

ತಂತಿ ಕಂಪಿಸೋ ಉದ್ದದೊಳಗೆ ದಪ್ಪ ಬದಲಾದರೆ ಅದು ಯಾವತ್ತೂ ಶ್ರುತಿ ಸೇರಲ್ಲ. ಇದಕ್ಕೆ ರಿಪೇರಿ ಇಲ್ಲ, ತೆಗೀಬೇಕು ಅಷ್ಟೇ.

ಆಗ ಹಿಂದಿನಿಂದ ತೂರಿಸೋ ಬಾಡಿಯ ವಿಷಯ ತಲೆಗೆ ಬಂತು. ಬ್ರಿಡ್ಜ್‌ನ ಹಿಂದಿಂದ ನೇರವಾಗಿ ಹಾಕೋ ಬೇಸ್‌ನಲ್ಲಿ ಬಾಲ್ ಸ್ಯಾಡಲ್‌ನ (ಬ್ರಿಡ್ಜ್ ಮೇಲೆ ತಂತಿ ಕೂರೋ ತುಂಡು) ಹತ್ತಿರವೇ ಕೂರುತ್ತೆ. ನನ್ನದರಲ್ಲಿ ತಂತಿ ಮೊದಲು ಬಾಡಿಯ ದಪ್ಪವನ್ನೆಲ್ಲ ದಾಟಬೇಕು. ಎರಡೂ 30 ಇಂಚಿನ ಬೇಸ್‌ಗಳೇ. ತಂತಿ ಬೇಕಾದ ಉದ್ದ ಮಾತ್ರ ಬೇರೆ ಬೇರೆ.

ಈ ಸೆಟ್ ದಂಡವಾಗಲಿಲ್ಲ. ನಮ್ಮ ಬೀದಿಯ ಕಾಲೇಜು ಹುಡುಗನ ಹತ್ತಿರ 28.6 ಇಂಚಿನ ಐಬನೇಜ್ ಮೈಕ್ರೋ ಬೇಸ್ ಇದೆ. ಅದರಲ್ಲಿ ತಂತಿ ಬ್ರಿಡ್ಜ್‌ನಿಂದ ನೇರ. ಅವನಿಗೆ ಕೊಟ್ಟೆ, ಸರಿಯಾಗಿ ಕೂತಿತು. ದುಡ್ಡು ತಗೊಳ್ಳಲಿಲ್ಲ.

ಜುಲೈ 14: ಅಳತೆ

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಹತ್ತು ನಿಮಿಷದ ಕೆಲಸ.

ಬಿಚ್ಚಿಟ್ಟಿದ್ದ ಹಳೇ ಜಿ ತಂತಿ ತಗೊಂಡು ಇ ತಂತಿಯ ತೂತಿನಲ್ಲಿ ಹಿಂದಿನಿಂದ ತೂರಿಸಿದೆ. ಬಾಲ್ ಗಟ್ಟಿಯಾಗಿ ಕೂರುವಂತೆ ಎಳೆದು, ಸ್ಯಾಡಲ್ ಮೇಲಿಂದ ನಟ್‌ವರೆಗೆ ಬಿಗಿ ಹಿಡಿದೆ. ನಟ್‌ನ ಒಳ ಅಂಚು ಬರೋ ಕಡೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ. ಇ ಬಿರಡೆ ಬರೋ ಕಡೆ ಇನ್ನೊಂದು ಗೆರೆ. ತಂತಿ ಹೊರಗೆ ತೆಗೆದು ಮೇಜಿನ ಮೇಲೆ ನೇರ ಮಾಡಿ ಟೇಪ್ ಹಿಡಿದೆ.

ಬಾಲ್‌ನಿಂದ ನಟ್‌ಗೆ 835 ಮಿ.ಮೀ. ಬಾಲ್‌ನಿಂದ ಇ ಬಿರಡೆಗೆ 883.

ಅಂದರೆ ದಪ್ಪ ಸುತ್ತು 835 ದಾಟಿರಬೇಕು, 883ರ ಒಳಗೆ ಮುಗಿಯಬೇಕು. ನನ್ನ ಕಿಟಕಿ 48 ಮಿ.ಮೀ. ಅಷ್ಟೇ. ಉದ್ದದ ಸೆಟ್‌ನ ಸುತ್ತು ಅಳೆದೆ: 925. ಎರಡನೇ ಸೆಟ್‌ನದು: 822. ಒಂದು 42 ಮಿ.ಮೀ. ಜಾಸ್ತಿ, ಇನ್ನೊಂದು 13 ಕಡಿಮೆ. ₹4,200 ಖರ್ಚು ಮಾಡಿ ಕಲಿತ ನಾಲ್ಕು ಅಂಕಿಗಳಿವು.

ಕಂಪನಿಗಳು ಶಾರ್ಟ್, ಮೀಡಿಯಂ, ಲಾಂಗ್ ಅಂತ ಹೆಸರಿಡುತ್ತವೆ. ಒಂದು ಕಂಪನಿಯ ಶಾರ್ಟ್ ಇನ್ನೊಂದರ ಶಾರ್ಟ್‌ನಷ್ಟೇ ಉದ್ದ ಇರಲ್ಲ. ಹಾಗಾಗಿ ಹೆಸರು ಬಿಟ್ಟುಬಿಡಿ, ಬಾಲ್‌ನಿಂದ ದಪ್ಪ ಸುತ್ತು ಮುಗಿಯೋವರೆಗಿನ ಉದ್ದ ಕೇಳಿ. ಇ ತಂತಿಯದೇ ಮುಖ್ಯ, ಯಾಕಂದ್ರೆ ಅದರ ಬಿರಡೆ ನಟ್‌ಗೆ ಎಲ್ಲಕ್ಕಿಂತ ಹತ್ತಿರ. ಜಿ ತಂತಿಗೆ ನಟ್ ದಾಟಿದ ಮೇಲೂ ಬೇಕಾದಷ್ಟು ಜಾಗ ಇರುತ್ತೆ.

ಜುಲೈ 18–22: ಫೋನ್

ಮೈಸೂರು, ಬೆಂಗಳೂರು ಸೇರಿ ಆರು ಅಂಗಡಿಗೆ ಫೋನ್ ಮಾಡಿದೆ. ಐದು ಕಡೆ ನನ್ನ ಪ್ರಶ್ನೆಯೇ ಹೊಸದು. ಆರನೇ ಅಂಗಡಿಯಲ್ಲಿ ಒಬ್ಬ ಹುಡುಗ ಫೋನ್ ಎತ್ತಿದ.

"ಮೀಡಿಯಂ ಸ್ಕೇಲ್ ಇದೆ ಅಣ್ಣ, ಆದ್ರೆ ಉದ್ದ ಗೊತ್ತಿಲ್ಲ."

"ಒಂದು ಟೇಪ್ ಹಿಡಿದು ನೋಡ್ತೀಯಾ? ಬಾಲ್‌ನಿಂದ, ದಪ್ಪ ಮುಗಿಯೋವರೆಗೆ."

"ಪ್ಯಾಕ್ ಓಪನ್ ಮಾಡಿದ್ರೆ ಬೈತಾರೆ ಅಣ್ಣ... ಒಂದ್ನಿಮಿಷ ಇರಿ, ಕಸ್ಟಮರ್ ಒಬ್ರು ವಾಪಸ್ ಕೊಟ್ಟಿದ್ದು ಒಂದಿದೆ."

ಅವನು ತಂತಿ ಬಿಚ್ಚಿ ನೆಲದ ಮೇಲೆ ಹಾಕಿದ ಸದ್ದು ಫೋನಿನಲ್ಲೇ ಕೇಳಿಸಿತು. "34 ಇಂಚು, ಮೇಲೆ ಕಾಲು." 870 ಮಿ.ಮೀ. ನನ್ನ ಕಿಟಕಿಯೊಳಗೆ ಬಂತು. ಆ ಹುಡುಗ ಆ ಎರಡು ನಿಮಿಷ ಕೊಡದೇ ಇದ್ದಿದ್ದರೆ ಮೂರನೇ ಸೆಟ್ಟೂ ಕಣ್ಣು ಮುಚ್ಚಿಕೊಂಡೇ ತರಿಸುತ್ತಿದ್ದೆ.

ಜುಲೈ 23: ದಪ್ಪ ಎಷ್ಟು, ಯಾವ ಬಗೆ

ಉದ್ದ ಗೊತ್ತಾಯಿತು. ಇನ್ನು ದಪ್ಪ.

ಅದೇ ತಂತಿ, ಅದೇ ಶ್ರುತಿ, ಆದರೆ 34ರ ಬದಲು 30 ಇಂಚು ಅಂದರೆ ಬಿಗಿ ಸುಮಾರು 22% ಇಳಿಯುತ್ತೆ. ಉದ್ದದ ವರ್ಗಕ್ಕೆ ತಕ್ಕ ಹಾಗೆ ಬಿಗಿ ಬದಲಾಗುತ್ತೆ, ಅದಕ್ಕೇ ಇಷ್ಟು. ಕೈಗೆ ಹೇಗೆ ಗೊತ್ತಾಗುತ್ತೆ ಅಂದರೆ, 30 ಇಂಚಿನ ಮೇಲೆ 100ರ ಇ ತಂತಿ ಹಾಕಿದರೆ, 34ರ ಮೇಲೆ 88 ಹಾಕಿದ ಹಾಗೆ ಸಡಿಲ. ಜೋರಾಗಿ ಮೀಟಿದರೆ ಶ್ರುತಿ ಮೇಲಕ್ಕೆ ಹೋಗಿ ಕೆಳಗೆ ಇಳಿಯುತ್ತೆ, ಫ್ರೆಟ್‌ಗೆ ಬಡಿಯುತ್ತೆ. ಪೂರ್ತಿ 34ರ ಬಿಗಿಯೇ ಬೇಕು ಅಂದರೆ ಇ ತಂತಿ 113ರ ಹತ್ತಿರ ಇರಬೇಕು. ಅಷ್ಟು ದಪ್ಪ ನನ್ನ ಬಿರಡೆಯ ಸೀಳಿಗೆ ಹಿಡಿಯಲ್ಲ, ನನ್ನ ಮಣಿಕಟ್ಟಿಗೂ ಬೇಡ. 105 ಸಾಕು ಅಂತ ತೀರ್ಮಾನಿಸಿದೆ. ಅದು 34ರ ಮೇಲೆ 93 ಹಾಕಿದ ಲೆಕ್ಕ. ಸ್ವಲ್ಪ ಮೆದು, ಆದರೆ ಹಿಡಿತ ಇರುತ್ತೆ.

ಬಗೆಯ ವಿಷಯಕ್ಕೆ ಬಂದರೆ, ರೌಂಡ್‌ವೂಂಡ್ ಬಿಟ್ಟು, ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್‌ಗೆ ಹೋದೆ. ಇದಕ್ಕೆ ಮೂರು ಕಾರಣ. ಒಂದು, ಅದೇ ದಪ್ಪದ ರೌಂಡ್‌ಗಿಂತ ಫ್ಲಾಟ್ ಸಾಮಾನ್ಯವಾಗಿ ಭಾರ, ಹಾಗಾಗಿ ಬಿಗಿ ಜಾಸ್ತಿ. ಚಿಕ್ಕ ಸ್ಕೇಲ್‌ಗೆ ಬೇಕಾದದ್ದೇ ಅದು. ಎಲ್ಲ ಫ್ಲಾಟೂ ಹಾಗಲ್ಲ. ಥೋಮಾಸ್ಟಿಕ್ ಕಂಪನಿಯ ಜಾಜ್ ಫ್ಲಾಟ್‌ಗಳು ಮೆದು ಅಂತಲೇ ಹೆಸರುವಾಸಿ, ಅವನ್ನು ಇಷ್ಟಪಡುವವರು ಆ ಮೆದುವಿಗಾಗಿಯೇ ಹಾಕ್ತಾರೆ. ಎರಡು, ಮಳೆಗಾಲದ ಪೆಂಡಾಲಿನಲ್ಲಿ ಮೂರು ಗಂಟೆ ಬೆವರು ಸುರಿಸಿ ನುಡಿಸಿದರೆ ರೌಂಡ್‌ನ ಸಂದಿಯಲ್ಲೆಲ್ಲ ಉಪ್ಪು ಕೂರುತ್ತೆ. ಫ್ಲಾಟ್‌ಗೆ ಸಂದಿಯೇ ಇಲ್ಲ, ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗೀತು. ಮೂರು, ಮಗಳ ಬೆರಳು. ರೌಂಡ್ ಮೇಲೆ ಜಾರಿದರೆ ಅರದ ಮೇಲೆ ಕೈಯಾಡಿಸಿದ ಹಾಗಿರುತ್ತೆ.

ಈ ಜೋಡಿ ಹಳೇದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ 500/1 ಕೂಡ 30 ಇಂಚಿನ ಆಸುಪಾಸಿನ ಬೇಸ್, ಅದರ ಮೇಲಿದ್ದದ್ದೂ ಫ್ಲಾಟ್. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜಾಮರ್ಸನ್‌ದು 34 ಇಂಚಿನದೇ ಆದರೂ, ದಪ್ಪ ಫ್ಲಾಟ್ ಹಾಕಿ, ತುಂಡಾಗೋವರೆಗೆ ಬದಲಾಯಿಸದೆ ನುಡಿಸಿದವರು. ನಮ್ಮ ಆರ್ಕೆಸ್ಟ್ರಾದಲ್ಲಿ ಹೆಚ್ಚಾಗಿ ನುಡಿಸೋದು 70–80ರ ದಶಕದ ಚಿತ್ರಗೀತೆಗಳು. ಆ ಹಾಡುಗಳ ಬೇಸ್ ದುಂಡಗೆ, ಮೆತ್ತಗೆ ಇರಬೇಕು. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿದು) ನುಡಿಸೋರಿಗೆ, ಚುರುಕಾದ ಲೋಹದ ಸದ್ದು ಬೇಕು ಅನ್ನೋರಿಗೆ ನನ್ನ ಆಯ್ಕೆ ಸರಿಹೋಗಲ್ಲ. ಅವರು ರೌಂಡ್‌ನಲ್ಲೇ ಇರಲಿ, ಇ ಮಾತ್ರ 105 ಮಾಡಿಕೊಳ್ಳಲಿ.

ನೈಲಾನ್ ಹೊದಿಕೆಯ ಟೇಪ್‌ವೂಂಡನ್ನೂ ಗೆಳೆಯನ ಬೇಸ್‌ನಲ್ಲಿ ಒಂದು ಸಂಜೆ ನುಡಿಸಿ ನೋಡಿದೆ. ಬೆರಳಿಗೆ ರೇಷ್ಮೆಯ ಹಾಗೆ. ಆದರೆ ಅವು ಮೈಯಲ್ಲೇ ದಪ್ಪ, ನಟ್‌ನ ನಾಲ್ಕೂ ಕಚ್ಚು ಅಗಲ ಮಾಡಬೇಕಾಗುತ್ತೆ. ಬೇಡ ಅನಿಸಿತು.

ಮೀಡಿಯಂ ಸ್ಕೇಲ್, ಫ್ಲಾಟ್, 50-70-85-105. ₹5,200, ಕೊರಿಯರ್ ₹150. ಒಳತಂತಿ ಷಟ್ಕೋನ. ಈ ಸಲ ಓದಿಯೇ ಕೊಂಡೆ.

ಜುಲೈ 31: ಹಾಕಿದ್ದು

ಕೈಗೆ ಬಂದ ತಕ್ಷಣ ಅಳೆದೆ. 870. ಹುಡುಗ ಹೇಳಿದ್ದು ಕರಾರುವಾಕ್ಕು.

ಬಾಡಿಯ ಮೂಲಕ ಫ್ಲಾಟ್ ಹಾಕಬೇಡಿ ಅಂತ ಕೆಲವು ಕಂಪನಿಗಳು ಎಚ್ಚರಿಸುತ್ತವೆ. ಸ್ಯಾಡಲ್ ಹತ್ತಿರ ಚೂಪಾಗಿ ಬಗ್ಗಿದರೆ ಪಟ್ಟಿಯ ಸುತ್ತು ಬಿರುಕು ಬಿಡಬಹುದು. ನನ್ನ ಪ್ಯಾಕೆಟ್ ಮೇಲೆ ಆ ಎಚ್ಚರಿಕೆ ಇರಲಿಲ್ಲ, ಆದರೂ ನಿಧಾನವಾಗಿ ಮಾಡಿದೆ. ಪೂರ್ತಿ ಶ್ರುತಿಗೆ ಒಂದೇ ಸಲ ಏರಿಸದೆ, ಮೊದಲು ಎರಡು ಸ್ವರ ಕೆಳಗೆ ನಿಲ್ಲಿಸಿ, ಸ್ಯಾಡಲ್‌ನ ಎರಡೂ ಬದಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಅರ್ಧ ಗಂಟೆ ಬಿಟ್ಟು ಏರಿಸಿದೆ.

ನಟ್ ಆಚೆ ದಪ್ಪ ಸುತ್ತು 35 ಮಿ.ಮೀ. ಹೋಗಿ ಮುಗಿದಿತ್ತು. ಬಿರಡೆಗೆ ಹೋಗಿದ್ದು ತೆಳು ಭಾಗ, ಅದರ ಮೇಲಿನ ದಾರದ ಹೊದಿಕೆ ಸಮೇತ. ಅದನ್ನು ನೋಡಿ ಆದ ಸಮಾಧಾನ ಅಷ್ಟಿಷ್ಟಲ್ಲ. ಮಗಳನ್ನು ಕರೆದು ತೋರಿಸಿದೆ.

ಆಗಸ್ಟ್ 1–2: ನಟ್, ಇನ್ನೊಂದು ತಪ್ಪು

105ರ ತಂತಿ ನಟ್‌ನ ಕಚ್ಚಿನೊಳಗೆ ಇಳಿಯಲಿಲ್ಲ. ಮೇಲೆ ಕೂತು, ಬಿರಡೆ ತಿರುಗಿಸಿದಾಗಲೆಲ್ಲ ಟಿಂಗ್ ಅಂತ ಜಾರುತ್ತಿತ್ತು. ಕಚ್ಚು ಅಗಲ ಮಾಡಲೇಬೇಕು. ನಟ್‌ಗೆಂದೇ ಮಾಡಿದ ಅರಗಳು ದುಬಾರಿ. ಮೊದಲ ಸೆಟ್‌ನ ಉಳಿದ ತಂತಿ ತುಂಡಿಗೆ 400ರ ಉಪ್ಪುಕಾಗದ (₹30) ಸುತ್ತಿ ಅದನ್ನೇ ಅರ ಮಾಡಿಕೊಂಡೆ. ದುಂಡಗಿನ ತಳ ಬರುತ್ತೆ, ತಂತಿ ಚೆನ್ನಾಗಿ ಕೂರುತ್ತೆ. ಉಜ್ಜುವಾಗ ಬಿರಡೆ ಕಡೆಗೆ ಸ್ವಲ್ಪ ಇಳಿಜಾರು ಇರಲಿ, ಫ್ರೆಟ್ ಕಡೆಯ ಅಂಚೇ ಎತ್ತರವಾಗಿರಬೇಕು.

ಇ ತಂತಿಯ ಕಚ್ಚು ಚೆನ್ನಾಗಿ ಬಂತು. ಹತ್ತು ಸಲ ಉಜ್ಜಿ, ತಂತಿ ಹಾಕಿ ನೋಡಿ, ಮತ್ತೆ ಹತ್ತು ಸಲ. ಎ ತಂತಿಯ ಕಚ್ಚಿಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ತಾಳ್ಮೆ ಮುಗಿದಿತ್ತು. ಮಧ್ಯೆ ನೋಡದೆ ಒಂದೇ ಸಮ ಉಜ್ಜಿದೆ. ತಂತಿ ಹಾಕಿದರೆ ಬಿಟ್ಟ ಎ ಒಂದನೇ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತಿತ್ತು. ಆಳ ಜಾಸ್ತಿಯಾಗಿತ್ತು.

ಮಾರನೇ ದಿನ ಅಡುಗೆ ಸೋಡಾ ಮತ್ತು ಫೆವಿಕ್ವಿಕ್. ನಟ್‌ನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಕಚ್ಚಿನಲ್ಲಿ ಚಿಟಿಕೆ ಸೋಡಾ ತುಂಬಿ ಸಮ ಮಾಡಿ, ಸೂಜಿ ತುದಿಯಿಂದ ಒಂದು ತೊಟ್ಟು ಅಂಟು ಬಿಟ್ಟೆ. ತಕ್ಷಣ ಗಟ್ಟಿಯಾಗುತ್ತೆ, ಬಿಸಿಯಾಗಿ ಹೊಗೆಯೂ ಬರುತ್ತೆ. ಮುಖ ಹತ್ತಿರ ಇಡಬೇಡಿ, ಕಿಟಕಿ ತೆಗೆದಿರಲಿ. ಎರಡು ಪದರ ಹಾಕಿ, ಒಂದು ಗಂಟೆ ಬಿಟ್ಟು, ಬೆಳಗಿನ ಬೆಳಕಿನಲ್ಲಿ ಮತ್ತೆ ಉಜ್ಜಿದೆ. ಈಗ ಒಂದು ತಿಂಗಳ ಮೇಲಾಯಿತು, ಗಟ್ಟಿಯಾಗಿದೆ. ಆದರೂ ಇದು ತೇಪೆ. ನಟ್ ಎಂದಾದರೂ ಬದಲಾಯಿಸಬೇಕು.

ಆಗಸ್ಟ್ 3–4: ಕತ್ತು

ದಪ್ಪ ತಂತಿ ಕತ್ತನ್ನು ಮುಂದಕ್ಕೆ ಎಳೆಯುತ್ತೆ. ಇ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಮಧ್ಯದಲ್ಲಿ 7ನೇ ಫ್ರೆಟ್ ಮತ್ತು ತಂತಿಯ ನಡುವಿನ ಸಂದಿ ಅಳೆಯಬೇಕು. ಅಳೆಯೋದಕ್ಕೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜೇ ಸಾಕು. ಆಟೊಮೊಬೈಲ್ ಅಂಗಡಿಯಲ್ಲಿ ₹180.

ಸಂದಿ 0.6 ಮಿ.ಮೀ. ಇತ್ತು. ತಂತಿ ಸ್ವಲ್ಪ ಸಡಿಲ ಮಾಡಿ, ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಮಾಡೋ ಒಳಗಿನ ಸರಳು) ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದೆ. ಮತ್ತೆ ಶ್ರುತಿ ಮಾಡಿ ರಾತ್ರಿ ಪೂರ್ತಿ ಬಿಟ್ಟೆ. ಬೆಳಗ್ಗೆ 0.45. ಇನ್ನೂ ಕಾಲು ಸುತ್ತು. ಸಂಜೆಗೆ 0.3. ಅಲ್ಲಿಗೆ ನಿಲ್ಲಿಸಿದೆ. ಮರಕ್ಕೆ ಹೊಂದಿಕೊಳ್ಳೋಕೆ ಸಮಯ ಬೇಕು, ಒಂದೇ ದಿನ ಮುಗಿಸೋ ಆತುರ ಬೇಡ.

ಆಗಸ್ಟ್ 5: ಸ್ಯಾಡಲ್

12ನೇ ಫ್ರೆಟ್ ಮೇಲೆ ಎತ್ತರ ಇ 2.4, ಜಿ 1.9ಕ್ಕೆ ತಂದೆ. ಆಮೇಲೆ ಶ್ರುತಿ ಹೊಂದಿಕೆ. 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಇ, ಬಿಟ್ಟ ತಂತಿಯ ಇಮ್ಮಡಿಗಿಂತ 14 ಸೆಂಟ್ಸ್ (ಅರ್ಧ ಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಮೇಲಿತ್ತು. ಹಾಗಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು. ತಿರುಗಿಸುತ್ತಾ ಹೋದೆ, 8 ಸೆಂಟ್ಸ್‌ಗೆ ಬಂದಾಗ ಸ್ಕ್ರೂ ನಿಂತಿತು. ಹಿಂದಿನ ಸ್ಪ್ರಿಂಗ್ ಪೂರ್ತಿ ಅದುಮಿ ಹೋಗಿತ್ತು, ಇನ್ನು ಜಾಗವೇ ಇಲ್ಲ.

ಸ್ಪ್ರಿಂಗನ್ನೇ ತೆಗೆದುಬಿಟ್ಟೆ. ತಂತಿಯ ಒತ್ತಡಕ್ಕೆ ಸ್ಯಾಡಲ್ ಹೇಗೂ ಗಟ್ಟಿಯಾಗಿ ಕೂರುತ್ತೆ, ಅಲುಗಾಡಲ್ಲ. ಇನ್ನೂ 3 ಮಿ.ಮೀ. ಹಿಂದಕ್ಕೆ ಹೋಯಿತು. ಈಗ 2 ಸೆಂಟ್ಸ್. ಕಿವಿಗೆ ಗೊತ್ತಾಗಲ್ಲ. ತೆಗೆದ ಸ್ಪ್ರಿಂಗನ್ನು ಒಂದು ಚಿಕ್ಕ ಕವರ್‌ನಲ್ಲಿ ಹಾಕಿ ಕೇಸಿನಲ್ಲೇ ಇಟ್ಟಿದ್ದೇನೆ.

ತಂತಿಯ ಸದ್ದು ಹಿಡಿಯೋ ಪಿಕಪ್‌ನ ಇ ಬದಿ ಒಂದು ಮಿಲಿಮೀಟರ್ ಇಳಿಸಿದೆ. ಹೊಸ ಇ ಅಷ್ಟು ಜೋರಾಗಿತ್ತು!

ಆಗಸ್ಟ್ 16: ಪ್ರಾಕ್ಟೀಸ್

ನಮ್ಮ ಕೀಬೋರ್ಡ್ ಮೇಷ್ಟ್ರಿಗೆ ಅರವತ್ತೆಂಟು. ನಾನು ತಂಡಕ್ಕೆ ಸೇರಿದಾಗಿನಿಂದ ನನ್ನ ಶ್ರುತಿ ತಿದ್ದುತ್ತಾ ಬಂದವರು. ಜೂನ್‌ನಲ್ಲಿ ಇದೇ ಬೇಸ್ ಕೇಳಿ, "ಇ ತಂತೀಲಿ ಬರೀ ಗುಂಯ್ ಅಂತಿದೆ ಕಣೋ, ಸ್ವರ ಎಲ್ಲಿ?" ಅಂದಿದ್ದರು. ಈ ಸಲ ಎರಡು ಹಾಡು ಮುಗಿಯೋವರೆಗೆ ಏನೂ ಹೇಳಲಿಲ್ಲ. ಮೂರನೇ ಹಾಡಿನ ಮಧ್ಯೆ, ಕೆಳಗಿನ ಎಫ್ ಹಿಡಿದು ನಿಲ್ಲಿಸೋ ಜಾಗದಲ್ಲಿ ತಿರುಗಿ ನೋಡಿದರು. ಹಾಡು ಮುಗಿದ ಮೇಲೆ ಬಂದು ಇ ತಂತಿಯನ್ನು ಹೆಬ್ಬೆರಳಿನಲ್ಲಿ ಮೀಟಿ, ಸದ್ದು ಪೂರ್ತಿ ಇಂಗೋವರೆಗೆ ಕೇಳಿಸಿಕೊಂಡು ನಿಂತರು.

"ಏನ್ ಹಾಕಿದೀಯ?"

"105, ಫ್ಲಾಟ್, ಮೇಷ್ಟ್ರೇ."

"ಇದನ್ನ ತೆಗೀಬೇಡ."

ಸೆಪ್ಟೆಂಬರ್ 7

ಮೂರು ಕಾರ್ಯಕ್ರಮ ಮುಗಿದವು. ಎರಡನೆಯ ದಿನ ಮಳೆ ಹೊಯ್ದು ಪೆಂಡಾಲ್ ಪಕ್ಕದಿಂದ ಎರಚಲು ಹೊಡೆಯುತ್ತಿತ್ತು. ಮೂರು ಗಂಟೆಯಲ್ಲಿ ಎರಡೇ ಸಲ ಶ್ರುತಿ ಮುಟ್ಟಿದ್ದು. ಮಣಿಕಟ್ಟು ನೋಯಲಿಲ್ಲ ಅಂತ ಹೇಳಲಾರೆ, ಆದರೆ ಮನೆಗೆ ಬೈಕ್ ನಾನೇ ಓಡಿಸಿಕೊಂಡು ಬಂದೆ. ತಂತಿಗಳಲ್ಲಿ ತುಕ್ಕಿನ ಚುಕ್ಕೆ ಒಂದೂ ಇಲ್ಲ.

ಒಟ್ಟು ಖರ್ಚು, ಬೇಸ್ ಬಿಟ್ಟು, ಎರಡು ಫೆವಿಕ್ವಿಕ್‌ನ ₹10 ಸೇರಿ ₹9,770. ಮೊದಲೇ ಅಳೆದಿದ್ದರೆ ₹5,570ರಲ್ಲಿ ಮುಗಿಯುತ್ತಿತ್ತು.

ಒಂದು ತೊಂದರೆ ಉಳಿದಿದೆ. ಜಿ ತಂತಿಯ 6ನೇ ಫ್ರೆಟ್‌ನಲ್ಲಿ ಸ್ವರ ಬೇಗ ಸಾಯುತ್ತೆ. ಬೇರೆ ಕಡೆ ಏಳೆಂಟು ಸೆಕೆಂಡ್ ನಿಂತರೆ ಅಲ್ಲಿ ಎರಡೂವರೆ. ಮೂರು ಸೆಟ್ ಬದಲಾಯಿಸಿದರೂ ಅದೇ ಜಾಗ, ಹಾಗಾಗಿ ತಂತಿಯದಲ್ಲ, ಕತ್ತಿನದು. ತಲೆಭಾಗಕ್ಕೆ ಬಡಗಿಗಳ ಒಂದು ಚಿಕ್ಕ ಕ್ಲ್ಯಾಂಪ್ ಹಾಕಿ ಭಾರ ಕೊಟ್ಟು ನೋಡಿದೆ. ಸಾಯೋ ಜಾಗ 5ನೇ ಫ್ರೆಟ್‌ಗೆ ಸರಿಯಿತು. ಅಂದರೆ ಭಾರದಿಂದ ಅದನ್ನು ಸರಿಸಬಹುದು. ಎಷ್ಟು ಗ್ರಾಂ ಹಾಕಿದರೆ ಎರಡು ಫ್ರೆಟ್‌ಗಳ ಮಧ್ಯೆ ಹೋಗಿ ಕೂರುತ್ತೆ ಅಂತ ಈ ಭಾನುವಾರದಿಂದ ನೋಡಬೇಕು. ಮಗಳು ಸ್ಟಾಪ್‌ವಾಚ್ ಹಿಡೀತೀನಿ ಅಂದಿದ್ದಾಳೆ.